ಬ್ಯಾಲೆರಿನಾ ಪಕ್ಕದಲ್ಲಿ ನಿಂತವನ ಹೆಸರು

ಸಬ್‌ಟೈಟಲ್ ಬರೆಯೋದು ನನ್ನ ಕೆಲಸ. ತೆರೆಯ ಕೆಳಗೆ ಎರಡೇ ಸಾಲು. ಆ ಸಾಲುಗಳು ಇರೋದು ಎರಡೋ ಮೂರೋ ಸೆಕೆಂಡು. ಅಷ್ಟರಲ್ಲಿ ನೋಡುವವರ ಕಣ್ಣು ಓದು ಮುಗಿಸಿ ಮತ್ತೆ ಚಿತ್ರಕ್ಕೆ ಹೋಗಬೇಕು. ಹಾಗಾಗಿ ಪದಗಳನ್ನು ಬೇಗ ಆರಿಸುವ ಅಭ್ಯಾಸ ಬಂದುಬಿಡುತ್ತದೆ. ಕಳೆದ ವರ್ಷ ಬ್ಯಾಲೆ ಅನ್ನೋ ಯುರೋಪಿನ ನೃತ್ಯದ ಬಗ್ಗೆ ಒಂದು ಸಾಕ್ಷ್ಯಚಿತ್ರ ಕೈಗೆ ಬಂತು. ಮೊದಲ ದೃಶ್ಯದಲ್ಲಿ ಇಬ್ಬರಿದ್ದರು. ಆಕೆ ಓಡಿ ಬಂದು ಜಿಗಿಯುತ್ತಾಳೆ. ಆತ ಸೊಂಟ ಹಿಡಿದು ಅವಳನ್ನು ತಲೆಯ ಮೇಲಕ್ಕೆ ಎತ್ತುತ್ತಾನೆ. ನಾನು ‘ಬ್ಯಾಲೆರಿನಾ ಮತ್ತು ಅವಳ ಜೊತೆಗಾರ’ ಅಂತ ಟೈಪ್ ಮಾಡಿ ಮುಂದಕ್ಕೆ ಹೋದೆ. ಮುಂದಿನ ಶಾಟ್‌ನಲ್ಲಿ ಆತ ಒಬ್ಬನೇ ಇದ್ದ. ಖಾಲಿ ಸ್ಟುಡಿಯೋ, ಗೋಡೆಗೆ ಕನ್ನಡಿ, ನೆಲದ ಮೇಲೆ ಕಿಟಕಿಯ ಬೆಳಕು. ಬೆವರು ಒರೆಸಿಕೊಳ್ಳುತ್ತಾ ಸುಧಾರಿಸಿಕೊಳ್ಳುತ್ತಿದ್ದ. ನಿರೂಪಕಿ ಅವನ ಬಗ್ಗೆ ಮಾತಾಡುತ್ತಿದ್ದಳು. ಈಗ ಏನಂತ ಬರೆಯಲಿ? ‘ಜೊತೆಗಾರ’ ಅಂದರೆ ಯಾರ ಜೊತೆ? ಅವಳು ಆ ಕೋಣೆಯಲ್ಲೇ ಇಲ್ಲ.

ಕರ್ಸರ್ ಮಿನುಗುತ್ತಾ ಇತ್ತು. ನಾನು ಆ ಸಾಲನ್ನು ಖಾಲಿ ಬಿಟ್ಟು, ಹಳದಿ ಬಣ್ಣದಲ್ಲಿ ಗುರುತು ಹಾಕಿ ಮುಂದೆ ಹೋದೆ. ಚಿತ್ರ ಮುಗಿಯುವ ಹೊತ್ತಿಗೆ ಅಂಥ ಹಳದಿ ಗುರುತು ಹತ್ತೊಂಬತ್ತು ಆಗಿತ್ತು. ಎಲ್ಲವೂ ಗಂಡಸರ ಮೇಲೆ. ಹೆಂಗಸರಿಗೆ ಒಂದೇ ಒಂದು ಕಡೆಯೂ ನಾನು ತಡವರಿಸಿರಲಿಲ್ಲ.

ಹತ್ತೊಂಬತ್ತು ಖಾಲಿ ಜಾಗ ನನ್ನನ್ನು ತುಂಬಾ ದಿನ ಕಾಡಿತು.

ಡಿಕ್ಷನರಿ ಕೊಡುವ ಉತ್ತರ

ಉತ್ತರ ಇಲ್ಲ ಅಂತಲ್ಲ, ಇದೆ. ಇಟಾಲಿಯನ್ ಭಾಷೆಯಲ್ಲಿ ‘ಬಲ್ಲಾರೆ’ ಅಂದರೆ ಕುಣಿಯುವುದು. ಕುಣಿಯುವವಳು ಬ್ಯಾಲೆರಿನಾ, ಕುಣಿಯುವವನು ಬ್ಯಾಲೆರಿನೊ. ಅಷ್ಟೇ. ಅದರಲ್ಲಿ ಟುಟು ಅನ್ನೋ ಅರಳಿದ ಲಂಗ ಇಲ್ಲ, ಹಂಸದ ರೆಕ್ಕೆ ಇಲ್ಲ, ತುದಿಗಾಲೂ ಇಲ್ಲ. ಅಲ್ಲಿ ಯಾವ ನೃತ್ಯ ಮಾಡುವವಳನ್ನಾದರೂ ಬ್ಯಾಲೆರಿನಾ ಅನ್ನಬಹುದು. ಫ್ರೆಂಚರಲ್ಲಿ ಗಂಡಸು ದಾನ್ಸರ್, ಹೆಂಗಸು ದಾನ್ಸ್ಯೂಸ್. ಅಲ್ಲೂ ತಕ್ಕಡಿ ಸಮವಾಗಿದೆ. ತೊಂದರೆ ಶುರುವಾಗೋದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಆ ಜೋಡಿಯಲ್ಲಿ ಒಂದನ್ನು ಮಾತ್ರ ಮನೆಗೆ ಕರೆದುಕೊಂಡು ಬಂತು. ಬ್ಯಾಲೆರಿನಾ ಬಂದಳು, ಬ್ಯಾಲೆರಿನೊ ಊರಲ್ಲೇ ಉಳಿದ. ನಮಗೆ ಬ್ಯಾಲೆ ಬಗ್ಗೆ ಗೊತ್ತಿರೋದರಲ್ಲಿ ಬಹುಪಾಲು ಇಂಗ್ಲಿಷಿನ ಬಾಗಿಲಿನಿಂದ ಒಳಗೆ ಬಂದದ್ದು. ಹಾಗಾಗಿ ಕನ್ನಡಕ್ಕೂ ಅವಳೊಬ್ಬಳೇ ಬಂದಳು.

ಹುಡುಕಿದರೆ ‘ದಾನ್ಸರ್ ನೋಬ್ಲ್’ ಅನ್ನುವ ಇನ್ನೊಂದು ಮಾತು ಸಿಗುತ್ತದೆ. ಬ್ಯಾಲೆರಿನಾಗೆ ಗಂಡು ಪದ ಇದೇ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ನಾನೂ ಒಂದು ದಿನ ಹಾಗೇ ನಂಬಿದ್ದೆ. ಅದು ಸರಿಯಲ್ಲ. ಹದಿನೆಂಟನೇ ಶತಮಾನದಲ್ಲಿ ನರ್ತಕರನ್ನು ಮೈಕಟ್ಟು, ಹಾವಭಾವ ನೋಡಿ ಮೂರು ಬಗೆಯಾಗಿ ವಿಂಗಡಿಸುತ್ತಿದ್ದರು. ಗಂಭೀರವಾದ, ರಾಜಗತ್ತಿನ ಪಾತ್ರಗಳಿಗೆ ಒಂದು ಬಗೆ. ಚುರುಕಾದ, ಹಗುರ ಪಾತ್ರಗಳಿಗೆ ಇನ್ನೊಂದು. ನಗಿಸುವ, ಹಳ್ಳಿಗರ ಪಾತ್ರಗಳಿಗೆ ಮತ್ತೊಂದು. ಇದರಲ್ಲಿ ಮೊದಲನೆಯವನು ನೋಬ್ಲ್. ಇವತ್ತಿಗೂ ‘ಸ್ವಾನ್ ಲೇಕ್’ ಬ್ಯಾಲೆಯ ರಾಜಕುಮಾರನಂಥ ಪಾತ್ರಕ್ಕೆ ಹೇಳಿಮಾಡಿಸಿದಂತೆ ಇರುವ ನರ್ತಕನಿಗೆ ಆ ಹೆಸರು ಒಪ್ಪುತ್ತದೆ. ಗುಂಪಿನಲ್ಲಿ ಹಿಂದಿನ ಸಾಲಲ್ಲಿ ಕುಣಿಯುವ ಹುಡುಗನನ್ನು ಹಾಗೆ ಕರೆದರೆ ಅವನಿಗೇ ಮುಜುಗರ ಆಗುತ್ತದೆ.

‘ನಾನು ಬ್ಯಾಲೆರಿನಾ ಅಲ್ಲಮ್ಮ’

ಈ ಚಿತ್ರ ನನಗೆ ಬರೋದಕ್ಕೂ ಒಂದು ಕಾರಣ ಇತ್ತು. ಮೂವತ್ತೆಂಟನೇ ವಯಸ್ಸಿನಲ್ಲಿ ನಾನು ಎರಡು ವರ್ಷ ಬ್ಯಾಲೆ ಕ್ಲಾಸಿಗೆ ಹೋಗಿದ್ದೆ. ದೊಡ್ಡವರಿಗಾಗಿ, ಮೊದಲಿಂದ ಕಲಿಯುವವರಿಗಾಗಿ ಇದ್ದ ಕ್ಲಾಸು. ಕಲಿಸುತ್ತಿದ್ದ ಮೇಡಂ ಹಿಂದೆ ಒಂದು ಬ್ಯಾಲೆ ಕಂಪನಿಯಲ್ಲಿ ಹದಿನಾಲ್ಕು ವರ್ಷ ಕುಣಿದವರು. ಒಂದು ಸಂಜೆ ನಾನು ಬೇಗ ಹೋಗಿದ್ದೆ. ಅವರು ನೆಲದ ಮೇಲೆ ಕಾಲು ಚಾಚಿ ಕೂತು, ತುದಿಗಾಲಿನ ಮೇಲೆ ಕುಣಿಯಲು ಹಾಕಿಕೊಳ್ಳುವ ಪಾಯಿಂಟ್ ಶೂಗೆ ಹೊಲಿಗೆ ಹಾಕುತ್ತಿದ್ದರು. ದೊಡ್ಡ ತರಗತಿಯ ಒಬ್ಬ ಹುಡುಗಿಗೆ ತೋರಿಸಿಕೊಡೋದಕ್ಕೆ ಅಂತ ಒಂದು ಹೊಸ ಜೋಡಿ.

ಆ ಶೂನ ನಾನು ಅವತ್ತೇ ಮೊದಲ ಸಲ ಕೈಯಲ್ಲಿ ಹಿಡಿದದ್ದು. ತುದಿಯಲ್ಲಿ ಮರದ ತುಂಡು ಇರುತ್ತೆ ಅಂದುಕೊಂಡಿದ್ದೆ. ಇಲ್ಲ. ಬಟ್ಟೆ, ಕಾಗದ, ಅಂಟು, ಪದರದ ಮೇಲೆ ಪದರ ಕೂರಿಸಿ ಒಣಗಿಸಿದ್ದು. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಅನ್ನುತ್ತದೆ. ಮೇಲೆ ನುಣುಪಾದ ಸ್ಯಾಟಿನ್. ಮೇಡಂ ದಪ್ಪ ದಾರದಲ್ಲಿ ತುದಿಯ ಸುತ್ತ ಒತ್ತೊತ್ತಾಗಿ ಹೊಲಿಗೆ ಹಾಕುತ್ತಾ ಹೋದರು. ಸ್ಯಾಟಿನ್ ಜಾರುತ್ತೆ, ಹೀಗೆ ಹೊಲಿದರೆ ನೆಲಕ್ಕೆ ಹಿಡಿತ ಸಿಗುತ್ತೆ, ಅಂಚೂ ಬೇಗ ಸವೆಯೋಲ್ಲ ಅಂದರು. ಸೂಜಿ ಒಳಗೆ ಹೋಗದೆ ಇದ್ದಾಗ ಶೂನ ತೊಡೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಹೆಬ್ಬೆರಳ ಮೇಲೆ ಹಳೆಯ ಚುಚ್ಚುಗಾಯಗಳು ಗಟ್ಟಿಯಾಗಿ ಕೂತಿದ್ದವು. ರಿಬ್ಬನ್ನು, ಎಲಾಸ್ಟಿಕ್ಕು ಎಲ್ಲ ಕುಣಿಯುವವರೇ ಹೊಲಿದುಕೊಳ್ಳಬೇಕು. ಪ್ರತಿಯೊಬ್ಬರ ಪಾದ ಬೇರೆ, ಹೊಲಿಗೆಯ ಜಾಗವೂ ಬೇರೆ. ಇಷ್ಟು ಮಾಡಿದರೂ ದೊಡ್ಡ ಪಾತ್ರ ಮಾಡುವವರಿಗೆ ಒಂದು ಜೋಡಿ ಒಂದೇ ಪ್ರದರ್ಶನಕ್ಕೆ ಮುಗಿದುಹೋಗಬಹುದು ಅಂದರು.

ನಾನು ಬೆರಗಿನಲ್ಲಿ, ‘ಬ್ಯಾಲೆರಿನಾ ಆಗಿ ಹದಿನಾಲ್ಕು ವರ್ಷ ನೀವು ಇದನ್ನೇ ಮಾಡಿದಿರಾ ಮೇಡಂ?’ ಅಂತ ಕೇಳಿದೆ. ಅವರು ತಲೆ ಎತ್ತಿ ನೋಡಿದರು. ಕೋಪ ಇರಲಿಲ್ಲ. ‘ನಾನು ಬ್ಯಾಲೆರಿನಾ ಅಲ್ಲಮ್ಮ’ ಅಂದರು. ‘ನಾನು ಕೋರ್‌ನಲ್ಲಿದ್ದೆ. ಎರಡು ಸಲ ಚಿಕ್ಕ ಸೋಲೊ ಸಿಕ್ಕಿತ್ತು. ಬ್ಯಾಲೆರಿನಾ ಅನ್ನೋದನ್ನ ನಾವು ನಮಗೆ ಹೇಳಿಕೊಳ್ಳೋಲ್ಲ. ಯಾರಾದರೂ ಕೇಳಿದರೆ ಡ್ಯಾನ್ಸರ್ ಅಂತೀವಿ.’ ಮತ್ತೆ ಸೂಜಿ ಕೆಳಗಿಳಿಯಿತು.

ಕೋರ್ ಅಂದರೆ ಕೋರ್ ದ ಬ್ಯಾಲೆ. ವೇದಿಕೆಯ ಮೇಲೆ ಇಪ್ಪತ್ತನಾಲ್ಕು ಹಂಸಗಳು ಒಂದೇ ಉಸಿರಿನಲ್ಲಿ ಕುತ್ತಿಗೆ ತಿರುಗಿಸುತ್ತವಲ್ಲ, ಆ ಗುಂಪು. ನನಗೆ ಅವತ್ತು ಗೊತ್ತಾಗಿದ್ದು ಇಷ್ಟು: ಹೊರಗಿನವರಿಗೆ ಬ್ಯಾಲೆರಿನಾ ಅನ್ನೋದು ಒಂದು ಕಸುಬಿನ ಹೆಸರು, ಒಳಗಿನವರಿಗೆ ಅದು ಒಂದು ಎತ್ತರದ ಹೆಸರು. ರಷ್ಯಾದ ಚಕ್ರವರ್ತಿಗಳ ಕಾಲದ ಥಿಯೇಟರುಗಳಲ್ಲಂತೂ ಅದು ನಿಜಕ್ಕೂ ಪದವಿಯೇ. ಇಡೀ ಕಂಪನಿಯಲ್ಲಿ ತೀರಾ ಮೇಲಿದ್ದ ಕೆಲವರಿಗೆ ಮಾತ್ರ ಬ್ಯಾಲೆರಿನಾ ಅನ್ನುತ್ತಿದ್ದರು. ಅದರ ಮೇಲೆ ಪ್ರಿಮಾ ಬ್ಯಾಲೆರಿನಾ. ಅದಕ್ಕೂ ಮೇಲೆ ಪ್ರಿಮಾ ಬ್ಯಾಲೆರಿನಾ ಅಸೊಲುಟಾ. ಪೀಟರ್ಸ್‌ಬರ್ಗ್‌ನಲ್ಲಿ ಆ ಹೆಸರು ಪಡೆದವರಲ್ಲಿ ಮೊದಲಿಗಳು ಇಟಲಿಯ ಪಿಯೆರಿನಾ ಲೆನ್ಯಾನಿ. 1895ರಲ್ಲಿ ‘ಸ್ವಾನ್ ಲೇಕ್’ನಲ್ಲಿ ಒಂಟಿ ಕಾಲಿನ ಮೇಲೆ 32 ಸುತ್ತು ತಿರುಗಿದವಳು. ಅವಳ ನಂತರ ಮಟಿಲ್ಡಾ ಕ್ಷೆಸಿನ್ಸ್ಕಾಯ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮಾರ್ಗಟ್ ಫಾಂಟೇನ್, ಅಲಿಸಿಯಾ ಅಲೊನ್ಸೊ, ಮಾಯಾ ಪ್ಲಿಸೆತ್ಸ್ಕಾಯ. ಅಂಥವರು ತೀರಾ ಕಡಿಮೆ. ಅಷ್ಟು ಭಾರದ ಹೆಸರನ್ನು ನಾವು ಮಕ್ಕಳ ಹುಟ್ಟುಹಬ್ಬದ ಫ್ರಾಕಿಗೂ, ಚಪ್ಪಟೆ ಚಪ್ಪಲಿಗೂ ಇಟ್ಟುಬಿಟ್ಟಿದ್ದೇವೆ. ಅಂಗಡಿಗಳಲ್ಲಿ ಬ್ಯಾಲೆರಿನಾ ಅಂದರೆ ಈಗ ಒಂದು ಬಗೆಯ ಚಪ್ಪಲಿ.

ಅಂದರೆ ಹೆಸರಿಲ್ಲದ ಕಷ್ಟ ಗಂಡಸರಿಗೆ ಮಾತ್ರ ಇರೋದಲ್ಲ. ಹೆಂಗಸರಿಗೆ ನಾವು ಕೊಟ್ಟಿರೋ ಹೆಸರು ಅವರಲ್ಲಿ ಹೆಚ್ಚಿನವರ ಮೈಗೆ ಹೊಂದೋದೇ ಇಲ್ಲ. ಈ ಮಾತು ನನಗೆ ಮೊದಲೇ ಹೊಳೆಯಬೇಕಿತ್ತು. ನನ್ನ ಸಬ್‌ಟೈಟಲ್‌ನಲ್ಲಿ ತಡವರಿಸದೆ ಬರೆದ ಸಾಲುಗಳೇ ಜಾಸ್ತಿ ತಪ್ಪಾಗಿದ್ದವು.

ಮೊದಲು ಗಂಡಸರದೇ ಆಟ

ಗಂಡು ಪದ ಯಾಕೆ ಕಾಣೆಯಾಯಿತು ಅಂತ ಹಿಂದಕ್ಕೆ ಹೋಗಿ ನೋಡಿದರೆ ಕಥೆ ಉಲ್ಟಾ ಇದೆ. ಬ್ಯಾಲೆ ಶುರುವಾದದ್ದು ಅರಮನೆಯಲ್ಲಿ, ಗಂಡಸರಿಂದ. 1653ರಲ್ಲಿ ಹದಿನಾಲ್ಕು ವರ್ಷದ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ರಾತ್ರಿಯಿಡೀ ನಡೆದ ಒಂದು ಬ್ಯಾಲೆಯಲ್ಲಿ ಚಿನ್ನದ ಕಿರಣಗಳ ಉಡುಪು ತೊಟ್ಟು ಉದಯಿಸುವ ಸೂರ್ಯನಾಗಿ ಕುಣಿದ. ಜನ ಅವನನ್ನು ಸೂರ್ಯರಾಜ ಅಂತ ನೆನೆಯುವುದಕ್ಕೆ ಆ ವೇಷವೂ ಕಾರಣ. 1661ರಲ್ಲಿ ಅವನೇ ನೃತ್ಯಕ್ಕೊಂದು ರಾಜ ಅಕಾಡೆಮಿ ಕಟ್ಟಿಸಿದ. ಪ್ಯಾರಿಸ್ ಒಪೆರಾದ ವೇದಿಕೆಯ ಮೇಲೆ ಕುಣಿತವನ್ನೇ ಕಸುಬು ಮಾಡಿಕೊಂಡ ಹೆಂಗಸರು ಕಾಲಿಟ್ಟದ್ದು 1681ರಲ್ಲಿ. ಮಾದ್‌ಮ್ವಾಸೆಲ್ ದ ಲಾ ಫೊಂತೇನ್ ಅವರಲ್ಲಿ ಮುಂದಿದ್ದವಳು. ಅಲ್ಲಿಯ ತನಕ ಆ ವೇದಿಕೆಯಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಮುಖವಾಡ ಹಾಕಿಕೊಂಡು ಕುಣಿಯುತ್ತಿದ್ದರು.

ಆಗ ಗಂಡಸರಿಗೆ ಹೆಸರಿನ ಬರ ಇರಲಿಲ್ಲ. 1729ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಗಾಯೆತಾನೊ ವೆಸ್ತ್ರಿಸ್‌ನನ್ನು ಪ್ಯಾರಿಸ್ ಜನ ನೃತ್ಯದ ದೇವರು ಅಂತಲೇ ಕರೆದರು. ಅವನ ಮಗ ಆಗುಸ್ಟ್ ಅಪ್ಪನನ್ನೂ ಮೀರಿಸಿ ಜಿಗಿದ, ತಿರುಗಿದ, ಮುದಿವಯಸ್ಸಿನಲ್ಲಿ ಗುರುವಾಗಿ ಒಂದು ತಲೆಮಾರನ್ನೇ ತಯಾರು ಮಾಡಿದ.

ಎಲ್ಲ ಬದಲಾದದ್ದು 1832ರ ಆಸುಪಾಸು. ಆ ವರ್ಷ ಮರಿ ತಾಲ್ಯೋನಿ ‘ಲಾ ಸಿಲ್ಫೀಡ್’ ಬ್ಯಾಲೆಯಲ್ಲಿ ಬಿಳಿ ಮಸ್ಲಿನ್ ಉಟ್ಟು ತುದಿಗಾಲಿನ ಮೇಲೆ ನಿಂತಳು. ನೆಲ ಮುಟ್ಟದವಳಂತೆ ಕಂಡಳು. ಪ್ಯಾರಿಸ್ ಮರುಳಾಯಿತು. ಅಲ್ಲಿಂದ ಮುಂದೆ ವೇದಿಕೆ ಅಪ್ಸರೆಯರದ್ದು, ಆತ್ಮಗಳದ್ದು, ಬೆಳದಿಂಗಳಿನದ್ದು. ಅವರ ನಡುವೆ ತೊಡೆ, ಭುಜ ಇರೋ ಗಂಡಸು ಯಾಕೆ ಅಂತ ವಿಮರ್ಶಕರು ಕೇಳಿದರು. ಅವರಲ್ಲೊಬ್ಬನಾದ ಜೂಲ್ ಜಾನಿನ್ 1840ರಲ್ಲಿ ಗಂಡು ನರ್ತಕರ ಮೇಲೆ ಬರೆದದ್ದನ್ನು ಓದಿದರೆ ಇವತ್ತಿಗೂ ಬೇಸರವಾಗುತ್ತದೆ. ಗಂಡಸಿಗೆ ಉಳಿದ ಕೆಲಸ ಹಿಡಿಯುವುದು, ಎತ್ತುವುದು, ಇಳಿಸುವುದು. ನಾನು ನನ್ನ ಸಾಲಿನಲ್ಲಿ ಬರೆದ ‘ಜೊತೆಗಾರ’ ಹುಟ್ಟಿದ್ದು ಇಲ್ಲೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಮುಂದೆ ಅದೂ ಹೋಯಿತು. 1870ರ ಮೇ ತಿಂಗಳಲ್ಲಿ ಪ್ಯಾರಿಸ್ ಒಪೆರಾದಲ್ಲಿ ‘ಕೊಪೇಲಿಯಾ’ ಅನ್ನೋ ಬ್ಯಾಲೆ ಮೊದಲ ಸಲ ತೆರೆ ಕಂಡಿತು. ನಾಯಕಿ ಸ್ವಾನಿಲ್ಡಾ, ನಾಯಕ ಫ್ರಾಂಜ್. ನಾಯಕನ ಪಾತ್ರ ಕುಣಿದದ್ದು ಯುಜೆನಿ ಫಿಯೋಕ್ರ್ ಅನ್ನುವ ಹೆಂಗಸು. ಬಿಗಿಯಾದ ಗಂಡು ಉಡುಪಿನಲ್ಲಿ. ಜನಕ್ಕೆ ಅದೇ ಇಷ್ಟವಾಗಿತ್ತು. ಆ ಒಪೆರಾದಲ್ಲಿ ಫ್ರಾಂಜ್‌ನ ಪಾತ್ರ ದಶಕಗಟ್ಟಲೆ ಹೆಂಗಸರ ಕೈಯಲ್ಲೇ ಉಳಿಯಿತು. (ಸ್ವಾನಿಲ್ಡಾ ಆಗಿದ್ದ ಜಿಯುಸೆಪಿನಾ ಬೊಟ್ಸಾಕಿಗೆ ಆಗ ಹದಿನಾರು. ಅದೇ ವರ್ಷ ಯುದ್ಧ ಬಂತು, ಪ್ಯಾರಿಸ್‌ಗೆ ಮುತ್ತಿಗೆ ಬಿತ್ತು. ಸಿಡುಬು ಬಂದು ಆ ಹುಡುಗಿ ನವೆಂಬರ್ 23ಕ್ಕೆ, ತನ್ನ ಹದಿನೇಳನೇ ಹುಟ್ಟುಹಬ್ಬದ ದಿನವೇ ತೀರಿಕೊಂಡಳು. ವಿಷಯಕ್ಕೆ ಇದು ಬೇಕಿಲ್ಲ. ಆದರೆ ಓದಿದ ಮೇಲೆ ಅವಳನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ.) ಇಂಗ್ಲಿಷಿನವರು ಬ್ಯಾಲೆರಿನಾ ಪದವನ್ನು ಬಾಯಿಪಾಠ ಮಾಡಿಕೊಂಡ ಶತಮಾನ ಇದು. ನೋಡಲು ಸಿಗುತ್ತಿದ್ದದ್ದೆಲ್ಲ ಹೆಂಗಸರೇ. ಕಣ್ಣಿಗೆ ಕಾಣದವನಿಗೆ ಹೆಸರನ್ನು ಯಾರು ತಾನೇ ತರುತ್ತಾರೆ?

ಹಾಗಂತ ಗಂಡಸರ ವಿದ್ಯೆ ಸತ್ತುಹೋಗಲಿಲ್ಲ. ಅದು ಪ್ಯಾರಿಸ್ ಬಿಟ್ಟು ಊರೂರು ಸುತ್ತಿತು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗೋ ಭಾಗ ಇದು. ಮುದಿ ಆಗುಸ್ಟ್ ವೆಸ್ತ್ರಿಸ್ ಹತ್ತಿರ ಕಲಿತ ಆಗುಸ್ಟ್ ಬೂರ್ನೊನ್ವಿಲ್ ಡೆನ್ಮಾರ್ಕಿಗೆ ವಾಪಸ್ ಹೋದ. ಕೋಪನ್‌ಹೇಗನ್‌ನಲ್ಲಿ ಗಂಡಸರಿಗೂ ಹೆಂಗಸರಷ್ಟೇ ಕುಣಿತ ಇರುವಂತೆ ಬ್ಯಾಲೆಗಳನ್ನು ಕಟ್ಟಿದ. ಅವನ ಹತ್ತಿರ ಕಲಿತವನು ಸ್ವೀಡನ್ನಿನ ಕ್ರಿಸ್ಟಿಯನ್ ಯೊಹಾನ್ಸನ್. ಆತ 1841ರಲ್ಲಿ ಪೀಟರ್ಸ್‌ಬರ್ಗ್‌ಗೆ ಹೋಗಿ ಅಲ್ಲೇ ನೆಲೆಸಿದ, ಕಲಿಸಿದ. ಅವನ ಶಿಷ್ಯ ನಿಕೊಲಾಯ್ ಲೆಗಾಟ್. ಲೆಗಾಟ್ ಹತ್ತಿರ ಕಲಿತ ಹುಡುಗರಲ್ಲಿ ಒಬ್ಬ ವಾಸ್ಲಾವ್ ನಿಜಿನ್ಸ್ಕಿ. 1909ರಲ್ಲಿ ದಿಯಾಗಿಲೆವ್ ಕಟ್ಟಿದ ರಷ್ಯನ್ ಬ್ಯಾಲೆ ತಂಡದ ಜೊತೆ ನಿಜಿನ್ಸ್ಕಿ ಪ್ಯಾರಿಸ್‌ನಲ್ಲಿ ಕುಣಿದಾಗ ಜನ ಬೆಚ್ಚಿಬಿದ್ದರು. ಗಂಡಸು ಹೀಗೂ ಕುಣಿಯುತ್ತಾನಾ ಅಂತ. ಅವನನ್ನು ನೃತ್ಯದ ದೇವರು ಅಂದರು. ಅದೇ ಊರು, ಅದೇ ಹೆಸರು. ಗುರುವಿನಿಂದ ಶಿಷ್ಯನಿಗೆ ದಾಟುತ್ತಾ, ಕೋಪನ್‌ಹೇಗನ್, ಪೀಟರ್ಸ್‌ಬರ್ಗ್ ಸುತ್ತಿಕೊಂಡು ಆ ಜಿಗಿತ ಮನೆಗೆ ಬಂದಿತ್ತು. ಜಿಗಿತ ಬಂತು, ಕಸುಬಿನ ಹೆಸರು ಮಾತ್ರ ಬರಲಿಲ್ಲ. ಬಂದದ್ದು ದೇವರು ಅನ್ನೋ ಹೊಗಳಿಕೆ. ದೇವರು ಅಂತ ಒಬ್ಬನನ್ನು ಕರೆಯಬಹುದು. ಹಿಂದಿನ ಸಾಲಲ್ಲಿ ಕುಣಿಯುವ ಹನ್ನೆರಡು ಮಂದಿಯನ್ನು ಕರೆಯೋಕಾಗಲ್ಲ ಅಲ್ವಾ?

ಏಣಿಯ ಮೆಟ್ಟಿಲುಗಳು

ಹಾಗಾದರೆ ಕಂಪನಿಗಳು ಸಂಬಳದ ಪಟ್ಟಿಯಲ್ಲಿ ಏನು ಬರೆದುಕೊಳ್ಳುತ್ತವೆ? ಅಲ್ಲಿ ಇರೋದು ಮೆಟ್ಟಿಲಿನ ಹೆಸರು. ಪ್ಯಾರಿಸ್ ಒಪೆರಾದಲ್ಲಿ ಕೆಳಗಿನಿಂದ ಕದ್ರಿಲ್, ಕೊರಿಫೆ, ಸುಜೆ. ಆಮೇಲೆ ಗಂಡಸಾದರೆ ಪ್ರಮಿಯೇ ದಾನ್ಸರ್, ಹೆಂಗಸಾದರೆ ಪ್ರಮಿಯೇರ್ ದಾನ್ಸ್ಯೂಸ್. ಎಲ್ಲಕ್ಕಿಂತ ಮೇಲೆ ಎತ್ವಾಲ್, ಅಂದರೆ ನಕ್ಷತ್ರ. ಅಲ್ಲಿನ ಶಾಲೆಯ ಮಕ್ಕಳಿಗೂ ಒಂದು ಹೆಸರಿದೆ, ಪುಟ್ಟ ಇಲಿಗಳು. ಹುಡುಗನೂ ಇಲಿ, ಹುಡುಗಿಯೂ ಇಲಿ. ಫ್ರೆಂಚ್ ವ್ಯಾಕರಣದಲ್ಲಿ ಇಲಿ ಪುಲ್ಲಿಂಗ, ನಕ್ಷತ್ರ ಸ್ತ್ರೀಲಿಂಗ. ಅಂದರೆ ಅಲ್ಲಿ ಒಬ್ಬ ಹುಡುಗಿ ಗಂಡು ಪದದಿಂದ ಶುರುಮಾಡುತ್ತಾಳೆ, ಒಬ್ಬ ಹುಡುಗ ಹೆಣ್ಣು ಪದಕ್ಕೆ ಹೋಗಿ ಮುಟ್ಟುತ್ತಾನೆ. ಅದರಿಂದ ಯಾರಿಗೂ ಏನೂ ಕಡಿಮೆಯಾದಂತೆ ಕಂಡಿಲ್ಲ. ಇದನ್ನು ಗಮನಿಸಿದ ದಿನ ನನಗೆ ತುಂಬಾ ಖುಷಿಯಾಯಿತು.

ಲಂಡನ್ನಿನ ರಾಯಲ್ ಬ್ಯಾಲೆಯಲ್ಲಿ ಆರ್ಟಿಸ್ಟ್, ಫಸ್ಟ್ ಆರ್ಟಿಸ್ಟ್, ಸೋಲೊಯಿಸ್ಟ್, ಫಸ್ಟ್ ಸೋಲೊಯಿಸ್ಟ್, ಪ್ರಿನ್ಸಿಪಲ್. ನ್ಯೂಯಾರ್ಕಿನ ದೊಡ್ಡ ಕಂಪನಿಗಳಲ್ಲಿ ಮೂರೇ ಮೆಟ್ಟಿಲು: ಕೋರ್, ಸೋಲೊಯಿಸ್ಟ್, ಪ್ರಿನ್ಸಿಪಲ್. ಗಂಡು ಹೆಣ್ಣು ಅನ್ನುವ ಭೇದವೇ ಇಲ್ಲ. ಮಿಲಾನಿನ ಲಾ ಸ್ಕಾಲಾದಲ್ಲಿ ಪ್ರಿಮಾ ಬ್ಯಾಲೆರಿನಾ ಪಕ್ಕದಲ್ಲಿ ಪ್ರಿಮೊ ಬ್ಯಾಲೆರಿನೊ ಆರಾಮಾಗಿ ನಿಂತಿದ್ದಾನೆ, ಅವರದೇ ಭಾಷೆ ತಾನೇ. ರಷ್ಯಾದಲ್ಲಿ ಪ್ರಿಮಾ ಪಕ್ಕದಲ್ಲಿ ಪ್ರೆಮ್ಯೇರ್. ಕಸುಬಿನ ಹೆಸರು ಕೇಳಿದರೆ ಅಲ್ಲಿ ಇಬ್ಬರಿಗೂ ‘ಅರ್ತಿಸ್ತ್ ಬಲೇತಾ’, ಬ್ಯಾಲೆ ಕಲಾವಿದ. ಅದೇ ರಷ್ಯನ್ನಿನಲ್ಲಿ ಆಡುಮಾತಿನ ‘ಬಲೆರೂನ್’ ಅನ್ನುವ ಪದವೂ ಇದೆ. ಬ್ಯಾಲೆರಿನಾದಿಂದ ಜನ ಸುಮ್ನೆ ಮಾಡಿಕೊಂಡ ಗಂಡು ಪದ. ಅದರಲ್ಲಿ ಸ್ವಲ್ಪ ಹಾಸ್ಯ, ಸ್ವಲ್ಪ ಅಸಡ್ಡೆ ಬೆರೆತಿದೆ. ಯಾರೂ ಅದನ್ನು ಗೌರವದಿಂದ ಬಳಸೋಲ್ಲ.

ಪಿಯಾನೊ ನಿಧಾನವಾದಾಗ

ಆ ಅಸಡ್ಡೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಕ್ಲಾಸಿನಲ್ಲಿ ಹದಿಮೂರು ಜನ ಹೆಂಗಸರು, ಒಬ್ಬರೇ ಗಂಡಸು. ನಲವತ್ತು ದಾಟಿದವರು, ಲೆಕ್ಕಪತ್ರದ ಕೆಲಸ. ಬೂದು ಬಣ್ಣದ ಟೀ ಶರ್ಟು, ಕಪ್ಪು ಟೈಟ್ಸು, ಕಪ್ಪು ಮೆತ್ತನೆಯ ಶೂ. ಬಾರ್, ಅಂದರೆ ಗೋಡೆ ಪಕ್ಕದ ಅಡ್ಡಕಂಬಿ, ಹಿಡಿದು ನಿಲ್ಲುವಾಗ ಯಾವಾಗಲೂ ಬಾಗಿಲಿನ ಹತ್ತಿರದ ಮೂಲೆ. ಕ್ಲಾಸಿನ ಕೊನೆಗೆ ದೊಡ್ಡ ಜಿಗಿತಗಳು ಬರುತ್ತವೆ. ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣರೇಖೆಯಲ್ಲಿ ಓಡಿ ಜಿಗಿಯಬೇಕು. ಮೊದಲು ನಾವೆಲ್ಲ ಇಬ್ಬಿಬ್ಬರಾಗಿ ಹೋದೆವು. ಆಮೇಲೆ ಮೇಡಂ ‘ಈಗ ಹುಡುಗರು’ ಅಂದರು. ಹುಡುಗರು ಅಂದರೆ ಆ ಒಬ್ಬರೇ. ದೊಡ್ಡ ಕಂಪನಿಗಳಲ್ಲೂ ಹೀಗೇ. ಮೂವತ್ತೈದು ವರ್ಷದ ನರ್ತಕನೂ ರಿಹರ್ಸಲ್‌ನಲ್ಲಿ ಹುಡುಗನೇ, ಎರಡು ಮಕ್ಕಳ ತಾಯಿಯೂ ಹುಡುಗಿಯೇ. ಒಳಗಿನವರು ನಿಜವಾಗಿ ಬಳಸುವ ಹೆಸರುಗಳು ಇವೇ.

ಮೇಡಂ ಪಿಯಾನೊ ಕಡೆ ತಿರುಗಿ ಕೈಯಲ್ಲಿ ಸನ್ನೆ ಮಾಡಿದರು. ಪಿಯಾನೊ ನುಡಿಸುವವರು ಅದೇ ಸ್ವರವನ್ನು ನಿಧಾನ ಮಾಡಿದರು. ಗಂಡಸರು ಎತ್ತರಕ್ಕೆ ಹಾರಬೇಕು, ಗಾಳಿಯಲ್ಲಿ ಜಾಸ್ತಿ ಹೊತ್ತು ಇರಬೇಕು, ಹಾಗಾಗಿ ಆ ಜಿಗಿತಗಳಿಗೆ ಲಯವನ್ನು ಇಳಿಸುತ್ತಾರೆ. ಕೋಣೆಯ ಗಾಳಿಯೇ ಬದಲಾದಂತಾಯಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಓಡಿ, ಜಿಗಿದರು. ತೀರಾ ಎತ್ತರ ಏನಲ್ಲ. ಮುಂದಿನ ಕಾಲು ಪೂರ್ತಿ ನೇರವೂ ಆಗಲಿಲ್ಲ. ಆದರೆ ಆ ಸ್ವರ ಅವರಿಗಾಗಿ ಕಾದಿತ್ತು. ಇಳಿದಾಗ ಮೆತ್ತನೆಯ ಶೂ ನೆಲಕ್ಕೆ ತಾಗಿದ ಸದ್ದು ಒಂದು ಪುಸ್ತಕ ಮುಚ್ಚಿದ ಹಾಗೆ ಕೇಳಿಸಿತು. ಎದುರು ಮೂಲೆಯಲ್ಲಿ ನಿಂತು ತಿರುಗಿದಾಗ ಅವರ ಮುಖ ನೋಡಿದೆ. ಅಷ್ಟು ಖುಷಿಯನ್ನು ದೊಡ್ಡವರ ಮುಖದಲ್ಲಿ ನಾನು ಕಂಡದ್ದು ಕಡಿಮೆ.

ಕ್ಲಾಸು ಮುಗಿದು ಹೊರಗೆ ಬಂದಾಗ ಮುಂದಿನ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರು ಕಾಯುತ್ತಿದ್ದರು. ಅವರಲ್ಲಿ ಒಬ್ಬರು ನಗುತ್ತಾ ಇವರನ್ನು ಕೇಳಿದರು, ‘ನೀವೂ ಬ್ಯಾಲೆರಿನಾನಾ ಸರ್?’ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಅಂತ ಕಾಣುತ್ತದೆ. ಇವರು ಉತ್ತರ ಕೊಡಲು ಬಾಯಿ ತೆರೆದರು. ಏನೂ ಬರಲಿಲ್ಲ. ‘ಸುಮ್ನೆ, ವ್ಯಾಯಾಮಕ್ಕೆ ಬರ್ತೀನಿ’ ಅಂದು ಚೀಲವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದರು. ಐದು ನಿಮಿಷ ಮುಂಚೆ ಆ ಮುಖದಲ್ಲಿದ್ದದ್ದು ಈಗ ಇರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಪದಗಳೇ ನನ್ನ ಹೊಟ್ಟೆಪಾಡು. ಆದರೂ ಅವರಿಗೆ ಕೊಡಲು ನನ್ನ ಹತ್ತಿರವೂ ಒಂದು ಪದ ಇರಲಿಲ್ಲ. ಎರಡು ಮೂರು ತಿಂಗಳ ನಂತರ ಅವರು ಬರೋದು ನಿಂತಿತು. ಕಾರಣ ನಾನು ಕೇಳಲಿಲ್ಲ. ಬೇರೆ ಏನಾದರೂ ಇದ್ದಿರಬಹುದು. ಆದರೆ ದೊಡ್ಡವರೊಬ್ಬರು ಹೀಗೆ ತಡವರಿಸಿದರೆ, ಎಂಟು ವರ್ಷದ ಹುಡುಗ ಸ್ಕೂಲಿನಲ್ಲಿ ಏನು ಹೇಳಬೇಕು ಅನ್ನೋ ಯೋಚನೆ ನನ್ನನ್ನು ಬಿಟ್ಟಿಲ್ಲ. ಅವನ ಅಕ್ಕ ತಾನು ಏನಾಗುತ್ತೇನೆ ಅಂತ ಒಂದೇ ಪದದಲ್ಲಿ ಹೇಳಬಲ್ಲಳು. ಅವನು ಒಂದು ಇಡೀ ವಾಕ್ಯ ಕಟ್ಟಬೇಕು. ವಾಕ್ಯ ಮುಗಿಯೋ ತನಕ ಎದುರಿಗಿರೋ ಮಕ್ಕಳು ಕಾಯೋಲ್ಲ.

ಕನ್ನಡದಲ್ಲಿ

ಹತ್ತೊಂಬತ್ತು ಹಳದಿ ಗುರುತುಗಳಿಗೆ ವಾಪಸ್ ಬಂದೆ. ಕನ್ನಡಕ್ಕೆ ಗಂಡು ಪದಗಳ ಕೊರತೆ ಇಲ್ಲ ಅಂತ ಮೊದಲು ಅನ್ನಿಸಿತು. ನರ್ತಕ, ನರ್ತಕಿ. ನೃತ್ಯಗಾರ, ನೃತ್ಯಗಾರ್ತಿ. ಕಲಾವಿದ, ಕಲಾವಿದೆ. ಜೋಡಿ ಜೋಡಿಯಾಗಿ ಇವೆ. ಆದರೆ ಗಟ್ಟಿಯಾಗಿ ಓದಿ ನೋಡಿ. ‘ನರ್ತಕಿ’ ಅನ್ನೋದು ಕತೆಗಳಿಂದ, ಸಿನಿಮಾಗಳಿಂದ ನಾಲಿಗೆಗೆ ರೂಢಿಯಾಗಿದೆ. ‘ನರ್ತಕ’ ಅನ್ನೋದು ವ್ಯಾಕರಣದ ಪುಸ್ತಕದಿಂದ ಎದ್ದು ಬಂದ ಹಾಗೆ ಕೇಳುತ್ತದೆ. ಪದ ನಮ್ಮಲ್ಲಿ ಇದೆ, ಬಳಸಿದವರು ಕಡಿಮೆ. ಹಾಗಾಗಿ ನಾವೂ ಮಾತಿನಲ್ಲಿ ಡ್ಯಾನ್ಸರ್ ಅಂದುಬಿಡುತ್ತೇವೆ. ಮೇಡಂ ಹೇಳಿದ್ದೂ ಅದೇ ಪದ. ಅದರಲ್ಲಿ ಲಿಂಗ ಇಲ್ಲ, ಮೆಟ್ಟಿಲು ಇಲ್ಲ, ಮಾಡುವ ಕೆಲಸ ಮಾತ್ರ ಇದೆ.

ಬ್ಯಾಲೆರಿನೊ ಅಂತ ಬರೆಯೋಣವೇ ಅಂತಲೂ ನೋಡಿದೆ. ಓದುವವರು ಅದನ್ನು ಬ್ಯಾಲೆರಿನಾದ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಕೊನೆಯ ಓ ಗಂಡಸಿನ ಗುರುತಲ್ಲ. ‘ದಾನ್ಸರ್’ ಹಾಕಿದರೆ ಡ್ಯಾನ್ಸರ್ ತಪ್ಪಾಗಿದೆ ಅನ್ನುತ್ತಾರೆ. ಕನ್ನಡ ಇನ್ನೊಂದು ದಾರಿ ತೋರಿಸಿತು. ನಮ್ಮ ಕ್ರಿಯಾಪದವೇ ಹೇಳುತ್ತಲ್ಲ. ಕುಣಿದ, ಕುಣಿದಳು. ಗೌರವ ಬೇಕಾದರೆ ಕುಣಿದರು, ಅಲ್ಲಿ ಇಬ್ಬರೂ ಒಂದೇ. ಇಂಗ್ಲಿಷ್ ನಾಮಪದದಲ್ಲಿ ಹುಡುಕುವುದನ್ನು ಕನ್ನಡ ಕ್ರಿಯಾಪದದ ಬಾಲದಲ್ಲಿ ಇಟ್ಟುಕೊಂಡಿದೆ. ಹನ್ನೊಂದು ಕಡೆ ನನಗೆ ನಾಮಪದವೇ ಬೇಕಾಗಲಿಲ್ಲ. ‘ಇವರು ಒಂಬತ್ತನೇ ವಯಸ್ಸಿಗೆ ಕುಣಿಯಲು ಶುರುಮಾಡಿದರು’ ಅಂತ ಬರೆದರೆ ಸಾಕಿತ್ತು. ಮುಖ ತೆರೆಯ ಮೇಲೇ ಇದೆ.

ಉಳಿದ ಎಂಟು ಕಡೆ ನಾಮಪದ ಬೇಕೇ ಬೇಕಿತ್ತು. ಅಲ್ಲಿ ನಾನು ‘ನರ್ತಕ’ ಅಂತಲೇ ಹಾಕಿದೆ. ನಾಲಿಗೆಗೆ ರೂಢಿ ಇಲ್ಲ ಅನ್ನೋ ಕಾರಣಕ್ಕೆ ಬಿಟ್ಟರೆ ಅದು ಯಾವತ್ತೂ ರೂಢಿಯಾಗೋಲ್ಲ. ಮೂರೇ ಅಕ್ಷರ, ಎರಡು ಸೆಕೆಂಡಿಗೆ ಸಲೀಸು. ಆಮೇಲೆ ಮೊದಲಿನಿಂದ ಮತ್ತೆ ಚಿತ್ರ ಹಾಕಿಕೊಂಡು, ಬ್ಯಾಲೆರಿನಾ ಅಂತ ನಾನು ಬರೆದ ಪ್ರತಿ ಸಾಲನ್ನೂ ನೋಡಿದೆ. ನಿರೂಪಕಿ ಎಲ್ಲಿ ಆ ಪದವನ್ನು ಪದವಿಯಾಗಿ ಬಳಸಿದ್ದಳೋ ಅಲ್ಲಿ ಮಾತ್ರ ಉಳಿಸಿದೆ. ಅಂಥವು ಎರಡು. ಮಿಕ್ಕ ಕಡೆ ನರ್ತಕಿ ಆಯಿತು, ಕೋರ್‌ನ ಹುಡುಗಿಯರು ಇದ್ದ ಕಡೆ ಡ್ಯಾನ್ಸರ್‌ಗಳು ಆಯಿತು.

ಕೊನೆಗೆ ಮೊದಲ ದೃಶ್ಯ. ಆಕೆ ಓಡಿ ಬರುತ್ತಾಳೆ, ಆತ ಎತ್ತುತ್ತಾನೆ. ‘ಬ್ಯಾಲೆರಿನಾ ಮತ್ತು ಅವಳ ಜೊತೆಗಾರ’ ಅನ್ನೋದನ್ನು ಅಳಿಸಿ, ‘ನರ್ತಕಿ ಮತ್ತು ನರ್ತಕ’ ಅಂತ ಬರೆದೆ. ಒಂದು ಸಲ ಓಡಿಸಿ ನೋಡಿದೆ. ಮುಂದಿನ ಶಾಟ್ ಬಂತು. ಖಾಲಿ ಸ್ಟುಡಿಯೋ, ಕಿಟಕಿಯ ಬೆಳಕು, ಬೆವರು ಒರೆಸಿಕೊಳ್ಳುತ್ತಿರುವ ಆ ಮನುಷ್ಯ. ಕೆಳಗೆ ಅವನ ಸಾಲು ಇತ್ತು. ಹಳದಿ ಗುರುತು ತೆಗೆದು ಫೈಲು ಕಳಿಸಿದೆ.